ನಮ್ಮನ್ನು ಕೇಳಿದ್ದರೆ? – ಜನಮತಗಣನೆ ಮತ್ತು ತುಂಗಭದ್ರೆಯ ನೀರಿನ ಲೆಕ್ಕ



ಹೊಸಪೇಟೆಯ ಕಾಲೇಜೊಂದರಲ್ಲಿ ನಮ್ಮ ಚರ್ಚಾ ಕಾರ್ಯಕ್ರಮದ ಚಿತ್ರೀಕರಣ ಮುಗಿದಿತ್ತು. ದೀಪಗಳನ್ನು ಆರಿಸಿ ತಂತಿಗಳನ್ನು ಸುತ್ತುತ್ತಿದ್ದೆವು. ಕಂಪ್ಲಿಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ವಿದ್ಯಾರ್ಥಿನಿಯೊಬ್ಬಳು ಹತ್ತಿರ ಬಂದಳು. "ಸರ್, ನಮ್ಮೂರಿಗೆ ಹೊಸಪೇಟೆ ಹತ್ರ. ಆದ್ರೆ ಜಿಲ್ಲಾ ಕಚೇರಿ ಕೆಲಸ ಅಂದ್ರೆ ಬಳ್ಳಾರಿಗೇ ಹೋಗ್ಬೇಕು. ಜಿಲ್ಲೆ ಒಡೆಯೋಕೆ ಮುಂಚೆ ಓಟು ಹಾಕಿಸಿ ನಮ್ಮನ್ನ ಒಂದು ಮಾತು ಕೇಳಬಹುದಿತ್ತಲ್ಲ?" ಎಂದಳು.

ಪ್ರಶ್ನೆ ಸರಳವಾಗಿತ್ತು, ಆದರೆ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಹೇಳಲಾಗದ ಆ ಉತ್ತರವನ್ನು ಈ ಪುಟಗಳಲ್ಲಿ ಹೇಳಲು ಪ್ರಯತ್ನಿಸುತ್ತೇನೆ. ನಾನು ಓದಿದ್ದು ವಿಜ್ಞಾನ. ಆದ್ದರಿಂದ ಮೊದಲು ಪದದ ಅರ್ಥ, ನಂತರ ನಡೆದ ಸಂಗತಿ, ಕೊನೆಗೆ ತೀರ್ಮಾನ ಎಂಬ ಕ್ರಮದಲ್ಲೇ ಸಾಗೋಣ.

ಜನಮತಗಣನೆ ಎಂದರೇನು?

ಚುನಾವಣೆಯಲ್ಲಿ ನಾವು ವ್ಯಕ್ತಿಯನ್ನು ಆರಿಸುತ್ತೇವೆ. ಆತ ಅಥವಾ ಆಕೆ ಐದು ವರ್ಷಗಳ ಕಾಲ ನೂರಾರು ವಿಷಯಗಳ ಬಗ್ಗೆ ನಮ್ಮ ಪರವಾಗಿ ತೀರ್ಮಾನ ಮಾಡುತ್ತಾರೆ. ಜನಮತಗಣನೆಯಲ್ಲಿ ವ್ಯಕ್ತಿ ಇರುವುದಿಲ್ಲ, ಒಂದು ಪ್ರಶ್ನೆ ಮಾತ್ರ ಇರುತ್ತದೆ. "ಈ ಪ್ರದೇಶ ಆ ರಾಜ್ಯಕ್ಕೆ ಸೇರಬೇಕೆ, ಬೇಡವೆ?" ಎಂಬಂಥ ಪ್ರಶ್ನೆ. ಮತದಾರರು ಹೌದು ಅಥವಾ ಇಲ್ಲ ಎನ್ನಬೇಕು.

ನಮ್ಮ ಸಂವಿಧಾನದಲ್ಲಿ ರಾಷ್ಟ್ರೀಯ ಜನಮತಗಣನೆಗೆ ಅವಕಾಶ ಕಲ್ಪಿಸಿಲ್ಲ. ರಾಜ್ಯಗಳ ಗಡಿ ಬದಲಿಸುವ ಅಧಿಕಾರವನ್ನು 3ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ರಾಷ್ಟ್ರಪತಿಯವರು ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳುತ್ತಾರೆ. ಆ ಅಭಿಪ್ರಾಯಕ್ಕೆ ಸಂಸತ್ತು ಕಟ್ಟುಬೀಳಬೇಕೆಂದಿಲ್ಲ.

ಹಾಗೆಂದು ಈ ನೆಲದಲ್ಲಿ ಜನಮತಗಣನೆ ನಡೆದೇ ಇಲ್ಲವೆಂದು ತಿಳಿಯಬೇಡಿ. 1947ರ ಜುಲೈನಲ್ಲಿ ಸಿಲ್ಹೆಟ್‌ನಲ್ಲಿ, 1948ರ ಫೆಬ್ರವರಿಯಲ್ಲಿ ಜುನಾಗಢದಲ್ಲಿ, 1949ರಲ್ಲಿ ಫ್ರೆಂಚರ ಕೈಯಲ್ಲಿದ್ದ ಚಂದ್ರನಗರದಲ್ಲಿ, 1967ರಲ್ಲಿ ಗೋವಾದಲ್ಲಿ, 1975ರಲ್ಲಿ ಸಿಕ್ಕಿಂನಲ್ಲಿ ಜನರನ್ನು ನೇರವಾಗಿ ಕೇಳಲಾಗಿದೆ. ಜುನಾಗಢದಲ್ಲಿ ಪಾಕಿಸ್ತಾನದ ಪರ ಬಿದ್ದದ್ದು ಕೇವಲ 91 ಮತ.

ನಮ್ಮ ಭಾಗದಲ್ಲಿ ಮಾತ್ರ ಯಾರೂ ಕೇಳಲಿಲ್ಲ. ಸಂಡೂರನ್ನೇ ನೋಡಿ. ಘೋರ್ಪಡೆ ಮನೆತನದ ಆ ಪುಟ್ಟ ಸಂಸ್ಥಾನ 1949ರ ಏಪ್ರಿಲ್ 1ರಂದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ ವಿಲೀನವಾಯಿತು. ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿನ ಬೆಟ್ಟಗಳೂ ಅದರೊಂದಿಗೆ ಬಂದವು. ಅದಕ್ಕೆ ಬೇಕಾದದ್ದು ಒಪ್ಪಂದದ ಮೇಲೆ ಒಂದು ಸಹಿ, ಅಷ್ಟೇ.

1953: ಹತ್ತು ತಾಲ್ಲೂಕುಗಳ ಕಥೆ

1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿಯೂ ಸೇರಿತ್ತು. ಅಂದಿನಿಂದ ಅದು ಮದ್ರಾಸಿನ ಆಡಳಿತದಲ್ಲಿತ್ತು. ಕನ್ನಡ, ತೆಲುಗು, ಉರ್ದು ಮಾತನಾಡುವವರು ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತಿದ್ದರು.

1952ರ ಡಿಸೆಂಬರ್ 15ರಂದು ಪ್ರತ್ಯೇಕ ಆಂಧ್ರಕ್ಕಾಗಿ ಉಪವಾಸ ಕೈಗೊಂಡಿದ್ದ ಪೊಟ್ಟಿ ಶ್ರೀರಾಮುಲು ಅವರು ನಿಧನರಾದರು. ನಾಲ್ಕೇ ದಿನಗಳಲ್ಲಿ ಪ್ರಧಾನಿ ನೆಹರೂ ಅವರು ಆಂಧ್ರ ರಾಜ್ಯ ರಚನೆಯನ್ನು ಪ್ರಕಟಿಸಿದರು. ಮದ್ರಾಸ್ ರಾಜ್ಯ ಒಡೆಯುವುದು ಖಚಿತವಾದ ಮೇಲೆ ಬಳ್ಳಾರಿ ಜಿಲ್ಲೆಯ ಹತ್ತು ತಾಲ್ಲೂಕುಗಳು ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಎದ್ದಿತು.

ನ್ಯಾಯಮೂರ್ತಿ ಕೆ.ಎನ್. ವಾಂಛೂ ಅವರ ವರದಿಯ ನಂತರ, 1953ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ತನ್ನ ನಿಲುವನ್ನು ತಿಳಿಸಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಹೊಸಪೇಟೆ, ಸಂಡೂರು, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ. ಉಳಿದದ್ದು ಬಳ್ಳಾರಿ ತಾಲ್ಲೂಕು ಒಂದೇ. ಅಲ್ಲಿ ಭಾಷೆಗಳು ಹಾಲು ನೀರಿನಂತೆ ಬೆರೆತಿದ್ದವು. ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಎಲ್.ಎಸ್. ಮಿಶ್ರಾ ಅವರಿಗೆ ಆ ಪ್ರಶ್ನೆಯನ್ನು ವಹಿಸಲಾಯಿತು. ಅವರು ಎರಡೂ ಕಡೆಯವರ ವಾದಗಳನ್ನು ಪರಿಶೀಲಿಸಿ, ತಾಲ್ಲೂಕು ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿದರು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಸಂತೋಷದ ಹಿಂದೆ ಒಂದು ದುಃಖವೂ ಇದೆ. ಹಿಂದಿನ ರಾತ್ರಿ ಸಮಾರಂಭದ ಚಪ್ಪರವನ್ನು ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಹೇಬರ ಮೇಲೆ ಆ್ಯಸಿಡ್ ಬಲ್ಬು ಎಸೆಯಲಾಯಿತು. ಅವರು ಬದುಕಲಿಲ್ಲ. ಗಡಿಯ ಮಾತು ಬಂದಾಗಲೆಲ್ಲ ನಾವು ಈ ಹೆಸರನ್ನು ನೆನೆಯಬೇಕು. ಭಿನ್ನಾಭಿಪ್ರಾಯಕ್ಕೆ ಸರಿಯಾದ ದಾರಿ ಸಿಗದಿದ್ದರೆ ಅದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು ಅದು ಹೇಳುತ್ತದೆ.

ಭಾಷೆಯ ಜಗಳವೋ, ನೀರಿನ ಜಗಳವೋ?

ಇಲ್ಲಿಯವರೆಗೆ ಓದಿದರೆ ಇದು ಬರೀ ಭಾಷೆಯ ವಿವಾದವೆಂದು ತೋರಬಹುದು. ಆದರೆ ಹೊಸಪೇಟೆಯ ಪಕ್ಕದ ಮಲ್ಲಾಪುರದಲ್ಲಿ ಆಗ ಏನು ನಡೆಯುತ್ತಿತ್ತೆಂದು ನೆನಪಿಸಿಕೊಳ್ಳಿ. 1945ರ ಫೆಬ್ರವರಿಯಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ನದಿಯ ಎರಡು ದಡಗಳಲ್ಲಿ ಶಂಕುಸ್ಥಾಪನೆ ಮಾಡಿದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲೇ ಕಾಲುವೆಗಳಿಗೆ ನೀರು ಹರಿಯತೊಡಗಿತು. ರಾಜ್ಯ ಒಡೆದ ವರ್ಷವೂ ಅದೇ, ನೀರು ಹರಿದ ವರ್ಷವೂ ಅದೇ.

ಅಣೆಕಟ್ಟು ಇರುವುದು ಹೊಸಪೇಟೆಯಲ್ಲಿ. ಆದರೆ ಬಲದಂಡೆಯ ಕಾಲುವೆಗಳು ಬಳ್ಳಾರಿಯನ್ನು ದಾಟಿ ಕರ್ನೂಲು, ಅನಂತಪುರದ ಕಡೆಗೆ ಹೋಗುತ್ತವೆ. ರಾಯಲಸೀಮೆ ಮೇಲಿಂದ ಮೇಲೆ ಬರ ಕಂಡ ನಾಡು. ಅಲ್ಲಿಯ ರೈತನ ಜಾಗದಲ್ಲಿ ನಿಂತು ಯೋಚಿಸಿ. ನಮ್ಮ ಹೊಲಕ್ಕೆ ಬರುವ ನೀರಿನ ಬೀಗದ ಕೈ ಬೇರೆ ರಾಜ್ಯದ ಬಳಿ ಇದ್ದರೆ ನಮಗೆ ನಿದ್ದೆ ಬರುತ್ತದೆಯೇ? ಅವರ ಆತಂಕ ಸುಳ್ಳಾಗಿರಲಿಲ್ಲ.

ಇತ್ತ ಹೊಸಪೇಟೆ, ಹಂಪಿ, ಕಂಪ್ಲಿಯ ರೈತರ ಮಾತೂ ಅಷ್ಟೇ ಗಟ್ಟಿಯಾಗಿತ್ತು. ವಿಜಯನಗರದ ಅರಸರ ಕಾಲದಿಂದ ಬಸವಣ್ಣ ಕಾಲುವೆ, ರಾಯ ಕಾಲುವೆ, ತುರ್ತು ಕಾಲುವೆ, ರಾಮಸಾಗರ ಮತ್ತು ಕಂಪ್ಲಿ ಕಾಲುವೆಗಳ ನೀರಿನಿಂದ ಇಲ್ಲಿ ಬತ್ತ, ಕಬ್ಬು, ಬಾಳೆ ಬೆಳೆದುಕೊಂಡು ಬಂದಿದೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳನ್ನು ಕಳೆದುಕೊಂಡವರೂ ಇಲ್ಲಿಯವರೇ.

1955ರಲ್ಲಿ ಈ ಎರಡು ವಾದಗಳು ಮತ್ತೆ ಮುಖಾಮುಖಿಯಾದವು. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ಸೆಪ್ಟೆಂಬರ್ 30ರಂದು ಸಲ್ಲಿಸಿದ ವರದಿಯಲ್ಲಿ, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನೂ ಅಣೆಕಟ್ಟಿರುವ ಮಲ್ಲಾಪುರ ಉಪತಾಲ್ಲೂಕಿನ ಸಣ್ಣ ಭಾಗವನ್ನೂ ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ರಾಯಲಸೀಮೆಗೆ ತುಂಗಭದ್ರೆಯ ಮಹತ್ವ, ಆಡಳಿತದ ಅನುಕೂಲ, ಆರ್ಥಿಕ ಸಂಬಂಧ ಇವು ಅದು ಕೊಟ್ಟ ಕಾರಣಗಳು. ಎರಡು ವರ್ಷ ಹಿಂದೆ ಭಾಷೆ ಮುಂದಿತ್ತು, ಈಗ ಅರ್ಥಶಾಸ್ತ್ರ ಮುಂದಾಯಿತು. ಕನ್ನಡಿಗರಿಂದ ತೀವ್ರ ವಿರೋಧ ಬಂದಿತು. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯಲ್ಲಿ ಆ ಶಿಫಾರಸು ಜಾರಿಗೆ ಬರಲಿಲ್ಲ. ಆ ಶಿಫಾರಸು ಜಾರಿಯಾಗಿದ್ದರೆ ಹಂಪಿಯೂ ಕಂಪ್ಲಿಯೂ ಇಂದು ಆಂಧ್ರದ ನಕ್ಷೆಯಲ್ಲಿರುತ್ತಿದ್ದವು.

ಓಟು ಹಾಕಿಸಿದ್ದರೆ ಏನಾಗುತ್ತಿತ್ತು?

ಈಗ ಕಂಪ್ಲಿಯ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. 1953ರಲ್ಲೋ 1955ರಲ್ಲೋ ಜನಮತಗಣನೆ ನಡೆಸಿದ್ದರೆ? ಕೂಡಲೇ ಮೂರು ತೊಡಕುಗಳು ಎದುರಾಗುತ್ತಿದ್ದವು.

ಮೊದಲನೆಯದು, ಮತದಾರರು ಯಾರು? ಬಳ್ಳಾರಿ ತಾಲ್ಲೂಕಿನವರೇ, ಇಡೀ ಜಿಲ್ಲೆಯವರೇ, ಅಥವಾ ಅದೇ ನೀರನ್ನು ನೆಚ್ಚಿಕೊಂಡ ಅನಂತಪುರದವರೂ ಸೇರಬೇಕೆ? ಮತದಾನದ ಗಡಿಯನ್ನು ಎಲ್ಲಿ ಎಳೆಯುತ್ತೇವೋ ಅದರ ಮೇಲೆ ಫಲಿತಾಂಶ ನಿಂತಿರುತ್ತದೆ. ಗಡಿಯನ್ನು ತೀರ್ಮಾನಿಸಲು ಮತ ಬೇಕು. ಮತ ಹಾಕಿಸಲು ಮೊದಲೇ ಒಂದು ಗಡಿ ಬೇಕು. ಈ ಗಂಟನ್ನು ಮತಪೆಟ್ಟಿಗೆ ಬಿಡಿಸಲಾರದು.

ಎರಡನೆಯದು, ಪ್ರಶ್ನೆ ಯಾವುದು? "ನೀವು ಯಾವ ರಾಜ್ಯಕ್ಕೆ ಸೇರುತ್ತೀರಿ?" ಎಂಬುದು ಒಂದು ಪ್ರಶ್ನೆ. "ನೀರನ್ನು ಹೇಗೆ ಹಂಚಬೇಕು?" ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಹೌದು-ಇಲ್ಲ ಎನ್ನಬಹುದು. ಎರಡನೆಯದಕ್ಕೆ ಅಂಕಿ ಬೇಕು, ತಿಂಗಳುವಾರು ಲೆಕ್ಕ ಬೇಕು, ಬರಗಾಲದ ವರ್ಷಕ್ಕೆ ಬೇರೆ ನಿಯಮ ಬೇಕು.

ಮೂರನೆಯದು, ಮತವನ್ನು ಎಣಿಸಬಹುದು, ತೂಗಲಾಗದು. ಕಾಲುವೆಯ ಕೊನೆಯಲ್ಲಿ ಬೆಳೆಯನ್ನೇ ಕಳೆದುಕೊಳ್ಳುವವನಿಗೂ ಒಂದೇ ಮತ. ಯಾವ ಫಲಿತಾಂಶ ಬಂದರೂ ಏನೂ ಕಳೆದುಕೊಳ್ಳದವನಿಗೂ ಒಂದೇ ಮತ.

ಹಾಗಾದರೆ ತೊಡಕನ್ನು ಬಿಡಿಸಿದ್ದು ಹೇಗೆ? ಗಡಿ ಮತ್ತು ನೀರು ಎರಡನ್ನೂ ಬೇರ್ಪಡಿಸಿ. 1953ರ ಆಂಧ್ರ ರಾಜ್ಯ ಕಾಯಿದೆಯ ಅಡಿಯಲ್ಲಿ ತುಂಗಭದ್ರಾ ಮಂಡಳಿ ಸ್ಥಾಪನೆಯಾಯಿತು. ಅದರ ಕಚೇರಿ ಇಂದಿಗೂ ಹೊಸಪೇಟೆಯ ಅಣೆಕಟ್ಟಿನ ಬಳಿಯೇ ಇದೆ. ಕೇಂದ್ರ ಸರ್ಕಾರ ನೇಮಿಸುವ ಅಧ್ಯಕ್ಷರ ಜೊತೆ ಸಂಬಂಧಪಟ್ಟ ರಾಜ್ಯಗಳ ಪ್ರತಿನಿಧಿಗಳಿರುತ್ತಾರೆ. 2014ರ ನಂತರ ತೆಲಂಗಾಣವೂ ಸೇರಿದೆ. ನೆಲ ಕರ್ನಾಟಕದ್ದು, ನೀರಿನ ಉಸ್ತುವಾರಿ ಎಲ್ಲರದು. ತಕರಾರುಗಳು ನಿಂತಿಲ್ಲ, ನಿಜ. ಆದರೆ ಅವು ಮಂಡಳಿಯ ಮೇಜಿನ ಮುಂದೆ ಅಂಕಿಗಳ ರೂಪದಲ್ಲಿ ಬರುತ್ತವೆ.

ಗೋವಾ ಕಲಿಸಿದ್ದು, ಬ್ರಿಟನ್ ಕಲಿಸಿದ್ದು

ಇಷ್ಟು ಹೇಳಿದ ಮಾತ್ರಕ್ಕೆ ಜನಮತಗಣನೆ ಬೇಡವೆಂದು ನಾನು ವಾದಿಸುತ್ತಿದ್ದೇನೆಂದು ಭಾವಿಸಬೇಡಿ. ನಮ್ಮ ನೆರೆಯ ಗೋವಾವನ್ನು ನೋಡಿ. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆ, ಪ್ರತ್ಯೇಕವಾಗಿ ಉಳಿಯಬೇಕೆ ಎಂಬ ಪ್ರಶ್ನೆಗೆ ಸಂಸತ್ತು 1966ರಲ್ಲಿ ಕಾನೂನು ಮಾಡಿ, 1967ರ ಜನವರಿ 16ರಂದು ಮತದಾನ ನಡೆಯಿತು. ವಿಲೀನಕ್ಕೆ ಹೂವಿನ ಗುರುತು, ಪ್ರತ್ಯೇಕತೆಗೆ ಎರಡು ಎಲೆಗಳ ಗುರುತು. ಮತದಾನ ನ್ಯಾಯವಾಗಿ ನಡೆಯಲೆಂದು ವಿಲೀನದ ಪರವಾಗಿದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ಅವರು ಮುಂಚೆಯೇ ರಾಜೀನಾಮೆ ಕೊಟ್ಟಿದ್ದರು. ಪ್ರತ್ಯೇಕತೆಗೆ 1,72,191 ಮತ, ವಿಲೀನಕ್ಕೆ 1,38,170 ಮತ ಬಂದವು. ಕೊಂಕಣಿ ಭಾಷೆಯ ಅಭಿಮಾನದ ಜೊತೆಗೆ ಹೊಟ್ಟೆಪಾಡಿನ ಮಾತೂ ಅಲ್ಲಿತ್ತು. ಮಹಾರಾಷ್ಟ್ರದ ಪಾನನಿರೋಧ ಬಂದರೆ ತೆಂಗಿನ ಮರದಿಂದ ಕಳ್ಳು ಇಳಿಸುವವರ ಗತಿಯೇನು ಎಂದು ಜನ ಕೇಳಿದರು.

ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಅದೇ ಬಾಂದೋಡಕರ್ ಅವರ ಪಕ್ಷವನ್ನು ಜನ ಮತ್ತೆ ಗೆಲ್ಲಿಸಿದರು! ಇದರಲ್ಲಿ ವಿರೋಧಾಭಾಸವಿಲ್ಲ. ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಉತ್ತರಗಳು. ಸೋತವರು ಫಲಿತಾಂಶವನ್ನು ಒಪ್ಪಿದರು. ಪ್ರಶ್ನೆ ಸ್ಪಷ್ಟವಾಗಿತ್ತು, ಮತದಾರರು ಯಾರೆಂಬುದೂ ಸ್ಪಷ್ಟವಾಗಿತ್ತು.

ಬ್ರಿಟನ್ನಿನ ಅನುಭವ ಬೇರೆ. ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೆ, ಹೊರಬರಬೇಕೆ ಎಂದು 2016ರ ಜೂನ್ 23ರಂದು ಮತ ಹಾಕಲಾಯಿತು. ಹೊರಬರಲು ಶೇ. 51.9, ಉಳಿಯಲು ಶೇ. 48.1. ನೂರರಲ್ಲಿ ಇಬ್ಬರು ಮನಸ್ಸು ಬದಲಿಸಿದ್ದರೆ ಫಲಿತಾಂಶ ತಿರುಗುತ್ತಿತ್ತು. "ಹೊರಬರಬೇಕು" ಎಂದು ತಿಳಿಯಿತು, "ಹೇಗೆ" ಎಂದು ತಿಳಿಯಲಿಲ್ಲ. ಆ "ಹೇಗೆ" ಎಂಬುದರ ಮೇಲೆ ಜಗಳ ನಡೆದು, ಹೊರಬಂದದ್ದು 2020ರ ಜನವರಿ 31ರಂದು.

ಅಂಕಿಗಳನ್ನು ನಂಬುವ ಮುನ್ನ

ಬ್ರಿಟನ್ನಿನಲ್ಲಿ ಎರಡೂ ಪಕ್ಷಗಳವರು ಜನರ ಮುಂದೆ ಅಂಕಿಗಳನ್ನು ಇಟ್ಟರು. ಪ್ರಯೋಗಶಾಲೆಯಲ್ಲಿ ಅಳತೆಯನ್ನು ಪರೀಕ್ಷಿಸುವಂತೆ ನೀವು ಅವನ್ನು ಪರೀಕ್ಷಿಸಬೇಕು.

ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕೊಡುತ್ತೇವೆ ಎಂದು ಹೊರಬರುವ ಪಕ್ಷದವರು ಬಸ್ಸಿನ ಮೇಲೆ ಬರೆಸಿದರು. ಅದು ಒಟ್ಟು ಮೊತ್ತ. ಬ್ರಿಟನ್ನಿಗೆ ಇದ್ದ ರಿಯಾಯಿತಿಯನ್ನು ಅದರಲ್ಲಿ ಕಳೆದಿರಲಿಲ್ಲ. ರೈತರಿಗೆ, ಸಂಶೋಧನೆಗೆ ಮರಳಿ ಬರುತ್ತಿದ್ದ ಹಣವನ್ನೂ ಕಳೆದಿರಲಿಲ್ಲ. ಒಟ್ಟು ಬೇರೆ, ನಿವ್ವಳ ಬೇರೆ. ಇನ್ನೊಂದು ಕಡೆ, ಹೊರಬರಲು ಮತ ಬಿದ್ದರೆ ತಕ್ಷಣವೇ ಆರ್ಥಿಕ ಹಿಂಜರಿತ ಬರುತ್ತದೆಂದು ಅಲ್ಲಿಯ ಹಣಕಾಸು ಇಲಾಖೆ ಹೇಳಿತ್ತು. ಅದೂ ಬರಲಿಲ್ಲ. ನಷ್ಟ ನಿಧಾನವಾಗಿ ಬರುವಂಥದು ಎಂಬುದು ನಂತರದ ಅಂದಾಜು. ಅಲ್ಲಿಯ ಬಜೆಟ್ ಹೊಣೆಗಾರಿಕೆ ಕಚೇರಿಯು ಒಕ್ಕೂಟದಲ್ಲೇ ಉಳಿದಿದ್ದರೆ ಇರಬಹುದಾಗಿದ್ದ ಮಟ್ಟಕ್ಕಿಂತ ಉತ್ಪಾದಕತೆ ದೀರ್ಘಕಾಲದಲ್ಲಿ ಶೇ. 4ರಷ್ಟು ಕಡಿಮೆ ಇರುತ್ತದೆಂದು ಲೆಕ್ಕ ಹಾಕಿತು.

"ಉಳಿದಿದ್ದರೆ" ಎಂಬ ಪದವನ್ನು ಗಮನಿಸಿ. ನಡೆದದ್ದನ್ನು ಅಳೆಯಬಹುದು, ನಡೆಯದೇ ಹೋದದ್ದನ್ನು ಊಹಿಸಬೇಕು. ಅದೇ ಅವಧಿಯಲ್ಲಿ ಕೋವಿಡ್ ಬಂತು, ಇಂಧನದ ಬೆಲೆ ಏರಿತು. ಯಾವ ನಷ್ಟ ಯಾವ ಕಾರಣದಿಂದ ಎಂದು ಬೇರ್ಪಡಿಸುವುದು ಸುಲಭವಲ್ಲ. ಆದ್ದರಿಂದಲೇ ಪ್ರಾಮಾಣಿಕ ಅರ್ಥಶಾಸ್ತ್ರಜ್ಞರಲ್ಲೂ ಭಿನ್ನಾಭಿಪ್ರಾಯ ಉಳಿದಿದೆ. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ಅದರ ಅರ್ಥವಲ್ಲ.

ಹಾಗಾಗಿ ನಾಲ್ಕು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಇದು ಒಟ್ಟು ಮೊತ್ತವೋ, ನಿವ್ವಳವೋ? ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದಾರೆ? ಎಷ್ಟು ವರ್ಷಗಳ ಲೆಕ್ಕ? ಲಾಭ ಯಾರಿಗೆ, ನಷ್ಟ ಯಾರಿಗೆ?

ನಮ್ಮ ಕಾಲದ ಗೆರೆಗಳು

ಈಗ ಮನೆಯ ಹತ್ತಿರ ಬರೋಣ. 1997ರಲ್ಲಿ ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಅಂದು ಅದು ಬರೀ ಆಡಳಿತದ ಬದಲಾವಣೆ. ಆದರೆ 2012ರ ಸಂವಿಧಾನ ತಿದ್ದುಪಡಿಯಿಂದ 371ಜೆ ವಿಧಿ ಬಂದು, ಬಳ್ಳಾರಿ ಸೇರಿದ ಆಗಿನ ಹೈದರಾಬಾದ್ ಕರ್ನಾಟಕ ಭಾಗಕ್ಕೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯ ಮೀಸಲಾತಿ ದೊರೆತಾಗ, ಗೆರೆಯ ಆಚೆಗಿದ್ದ ಹರಪನಹಳ್ಳಿಯವರಿಗೆ ಗೆರೆಯ ಬೆಲೆ ಗೊತ್ತಾಯಿತು. ಹೋರಾಟದ ನಂತರ ಆ ತಾಲ್ಲೂಕು ಮರಳಿ ಬಳ್ಳಾರಿಗೆ ಬಂತು. ಗಡಿಯ ಆರ್ಥಿಕ ಫಲ ಹದಿನೈದು ವರ್ಷ ತಡವಾಗಿಯೂ ಬರಬಹುದು.

ನಂತರ ವಿಜಯನಗರ ಜಿಲ್ಲೆ. 2020ರ ನವೆಂಬರ್‌ನಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಹೊಸಪೇಟೆಯಲ್ಲಿ ಸಂಭ್ರಮ, ಬಳ್ಳಾರಿಯಲ್ಲಿ ಪ್ರತಿಭಟನೆ. ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಲಾಯಿತು. 2021ರ ಫೆಬ್ರವರಿಯಲ್ಲಿ ಅಂತಿಮ ಅಧಿಸೂಚನೆ, ಅಕ್ಟೋಬರ್ 2ರಂದು ಉದ್ಘಾಟನೆ. ಹೊಸಪೇಟೆ, ಹಂಪಿ, ಅಣೆಕಟ್ಟು ವಿಜಯನಗರಕ್ಕೆ. ಸಂಡೂರು, ಕಂಪ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಬಳ್ಳಾರಿಗೆ.

ಸಂಡೂರಿನ ಗಣಿಯ ಮಾತನ್ನೇ ತೆಗೆದುಕೊಳ್ಳಿ. 2015ರ ಕಾನೂನು ತಿದ್ದುಪಡಿಯಂತೆ ಗಣಿ ಗುತ್ತಿಗೆದಾರರು ರಾಜಧನದ ಒಂದು ಪಾಲನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಗಣಿಗಾರಿಕೆಯಿಂದ ತೊಂದರೆಗೊಳಗಾದ ಜನರಿಗೆ, ಪ್ರದೇಶಕ್ಕೆ ಆ ಹಣ ಬಳಕೆಯಾಗಬೇಕೆಂಬುದು ಉದ್ದೇಶ. ಆದರೆ ಕೆಂಧೂಳು ಜಿಲ್ಲೆಯ ಗೆರೆಯನ್ನು ನೋಡಿ ನಿಲ್ಲುವುದಿಲ್ಲ. ಇದೂ 1953ರ ನೀರಿನ ಪ್ರಶ್ನೆಯ ಜಾತಿಗೇ ಸೇರಿದ್ದು. ಗೆರೆ ಎಲ್ಲಿಯಾದರೂ ಇರಲಿ, ಗೆರೆ ದಾಟುವ ವಸ್ತುವಿಗೆ ಪ್ರತ್ಯೇಕ ವ್ಯವಸ್ಥೆ ಬೇಕು.

ಆ ವಿದ್ಯಾರ್ಥಿನಿಗೆ ನನ್ನ ಉತ್ತರ

ತಂಗಿ, ನಿನ್ನನ್ನು ಕೇಳಬೇಕಿತ್ತು ಎಂಬ ಮಾತು ನ್ಯಾಯವಾದದ್ದೇ. ಕೇಳುವುದಕ್ಕೆ ಓಟು ಒಂದೇ ದಾರಿಯಲ್ಲ. ಆಕ್ಷೇಪಣೆ ಸಲ್ಲಿಸಲು ಕೊಡುವ ಅವಧಿ, ಗ್ರಾಮಸಭೆ, ಆಯೋಗದ ಮುಂದಿನ ಅಹವಾಲು ಇವೆಲ್ಲ ಕೇಳುವ ದಾರಿಗಳೇ. ಅವು ನಮ್ಮ ಊರುಗಳಲ್ಲಿ ಎಷ್ಟು ಜನರಿಗೆ ಗೊತ್ತಿರುತ್ತವೆ? ಅಧಿಸೂಚನೆ ಹೊರಬಿದ್ದ ದಿನ ಅದನ್ನು ಓದಿ ಅರ್ಥ ಹೇಳುವವರು ಊರಿಗೊಬ್ಬರಾದರೂ ಇರಬೇಕು. ಆ ಕೆಲಸ ಓದಿದ ನಿಮ್ಮಿಂದಲೇ ಆಗಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಕಂಪ್ಲಿಯ ರೈತನೂ ಕರ್ನೂಲಿನ ರೈತನೂ ಒಂದೇ ಸಮನೆ ಕಂಗಾಲಾದರು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಸುಮಾರು ಒಂದು ವಾರದಲ್ಲಿ ನೀರನ್ನು ತಡೆದರು. ಇನ್ನೊಂದು ಲೆಕ್ಕವೂ ಇದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಯಾವ ರಾಜ್ಯವೂ ಕಸಿದುಕೊಳ್ಳದೆ, ಯಾರೂ ಓಟು ಹಾಕದೆ, ಐದನೇ ಒಂದು ಭಾಗಕ್ಕಿಂತ ಹೆಚ್ಚು ಜಾಗ ಹೋಗಿಬಿಟ್ಟಿದೆ. ಗೆರೆ ಎಲ್ಲಿರಬೇಕೆಂದು ಚರ್ಚಿಸುವಾಗ ಈ ಲೆಕ್ಕವೂ ನಮ್ಮ ಮುಂದಿರಲಿ.

ಮುಂದಿನ ಬಾರಿ ನಿಮ್ಮ ತರಗತಿಯಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಎರಡು ಗುಂಪು ಮಾಡಿಕೊಳ್ಳಿ. ಒಂದು ಗುಂಪು 1955ರ ಅನಂತಪುರದ ರೈತರ ಪರ ವಾದಿಸಲಿ, ಇನ್ನೊಂದು ಹೊಸಪೇಟೆಯ ರೈತರ ಪರ. ಅರ್ಧ ಗಂಟೆಯ ನಂತರ ಪಕ್ಷ ಬದಲಿಸಿ. ಎದುರಿನವರ ವಾದವನ್ನು ಅವರೇ ಒಪ್ಪುವಂತೆ ಹೇಳಬಲ್ಲವರು ಮಾತ್ರ ಮತ ಹಾಕಲು ಸಿದ್ಧರಾದಂತೆ.